ಬಿಸಿಲಿನ ಲೆಕ್ಕ, ಬಿರುಕಿನ ಬಾಕಿ

ಕಲಬುರಗಿಯಿಂದ ಆಳಂದದ ಕಡೆಗೆ ಹೊರಟ ಬಸ್ಸಿನಲ್ಲಿ ಮೇ ಕೊನೆಯ ವಾರ ಕಿಟಕಿ ಪಕ್ಕದ ಸೀಟಿಗೆ ಯಾರೂ ಜಗಳ ಆಡುವುದಿಲ್ಲ. ಬೆಳಗಿನ ಒಂಬತ್ತೂವರೆಗೇ ಕಿಟಕಿಯ ಸರಳು ಮುಟ್ಟಿದರೆ ಬೆರಳು ಚುರ್ ಎನ್ನುತ್ತದೆ. ತಲೆಗೆ ಸೆರಗು ಹೊದ್ದ ಹೆಂಗಸರು, ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡ ಗಂಡಸರು, ಕಿವಿಗೆ ವೈರು ಸಿಕ್ಕಿಸಿಕೊಂಡ ಕಾಲೇಜು ಹುಡುಗರು. ಯಾರದೋ ಬುತ್ತಿಗಂಟಿನಿಂದ ಶೇಂಗಾ ಹಿಂಡಿಯ ವಾಸನೆ ಎದ್ದು ಬಸ್ಸಿನ ಡೀಸೆಲ್ಲಿನ ವಾಸನೆಯ ಜೊತೆ ಕಲೆಯುತ್ತಿದೆ. ಊರು ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಕರಿ ನೆಲ. ತೊಗರಿ ಕೊಯ್ದು ತಿಂಗಳುಗಳಾಗಿವೆ, ಕೂಳೆಯನ್ನೂ ಕಿತ್ತು ಒಲೆಗೆ ಒಯ್ದಿದ್ದಾರೆ. ಬದುವಿನ ಮೇಲೆ ಒಂದೊಂದು ಬೇವು, ಅಲ್ಲೊಂದು ಇಲ್ಲೊಂದು ಜಾಲಿ. ಉಳಿದದ್ದೆಲ್ಲ ನೆಲ ಮತ್ತು ಬಿಸಿಲು. ದೂರದಲ್ಲಿ ಗಾಳಿ ನೀರಿನಂತೆ ತುಳುಕುತ್ತದೆ.

ಕಡಗಂಚಿಯಲ್ಲಿ ಇಳಿದರೆ ಒಂದು ಕಡೆ ಹಳೆಯ ಊರು, ಇನ್ನೊಂದು ಕಡೆ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಊರಿಗೆ ದತ್ತ ಭಕ್ತರ ನಂಟು ಇದೆ. ಮರಾಠಿಯ ಗುರುಚರಿತ್ರೆಯನ್ನು ಬರೆದ ಸರಸ್ವತಿ ಗಂಗಾಧರರ ಹೆಸರು ಹೇಳಿಕೊಂಡು ಈಗಲೂ ಮಹಾರಾಷ್ಟ್ರದಿಂದ ಜನ ಬರುತ್ತಾರೆ. ವಿಶ್ವವಿದ್ಯಾಲಯ ಮೊನ್ನೆ ಮೊನ್ನೆಯದು, 2009ರ ಕಾಯ್ದೆಯಲ್ಲಿ ಹುಟ್ಟಿದ್ದು. ಜೋಳ ತೊಗರಿ ಬೆಳೆಯುವ ಬಯಲಿನ ನಡುವೆ ಈಗ ದೊಡ್ಡ ದೊಡ್ಡ ಕಟ್ಟಡಗಳು ನಿಂತಿವೆ. ಅವುಗಳ ಕಾಂಪೌಂಡಿನ ಆಚೆಗೆ ಅದೇ ಎರೆಹೊಲ. ನಾನು ಬಂದದ್ದು ಆ ಹೊಲ ನೋಡಲು.

ನನ್ನ ಜೊತೆಗಿದ್ದವನು ಜೇವರ್ಗಿ ಕಡೆಯ ಹುಡುಗ. ಬಿಸಿಲು, ಮಣ್ಣು, ನೀರು ಇವುಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಹಾಕುವುದನ್ನು ಕಲಿಯುತ್ತಿದ್ದಾನೆ. ಕೈಯಲ್ಲಿ ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದಂಥ ಒಂದು ಗನ್ನು. ನಾವು ಹೊಲದ ಬದು ಏರುವಷ್ಟರಲ್ಲಿ ಬೇವಿನ ನೆರಳಿನಿಂದ ಹೊಲದ ಮುದುಕರು ಎದ್ದು ಬಂದರು. ತಲೆಗೆ ಬಿಳಿ ರುಮಾಲು, ಮೊಣಕಾಲಿನ ತನಕ ಧೋತರ.

‘ಬರ್ರಿ ಸಾಹೇಬ್ರ, ಬಿಸಲಾಗ ಯಾಕ ಬಂದ್ರಿ? ಹೊಲ ಏನ್ ನೋಡ್ತೀರಿ, ಬಾಯಿ ಬಿಟ್ಕೊಂಡು ಕುಂತದ’ ಎಂದರು.

ಬಾಯಿ ಬಿಟ್ಟುಕೊಂಡೇ ಕೂತಿತ್ತು. ಮೇಲಿಂದ ನೋಡಿದರೆ ಇಡೀ ಹೊಲಕ್ಕೆ ಯಾರೋ ಬಲೆ ಹಾಸಿದಂತೆ. ಕೆಲವು ಬಿರುಕು ಬೆರಳಷ್ಟು, ಕೆಲವು ಅಂಗೈ ಅಗಲ. ಅಂಚಿನ ಹೆಂಟೆ ಮುಟ್ಟಿದರೆ ಇಟ್ಟಿಗೆಯ ಹಾಗೆ ಗಟ್ಟಿ. ಮುದುಕರು ಬದುವಿನ ಮೇಲೆ ಬಿದ್ದಿದ್ದ ಉದ್ದನೆಯ ತೊಗರಿ ಕಟ್ಟಿಗೆಯೊಂದನ್ನು ಆರಿಸಿ, ಅಗಲವಾದ ಬಿರುಕಿನೊಳಕ್ಕೆ ಮೆಲ್ಲಗೆ ಇಳಿಬಿಟ್ಟರು. ಕಟ್ಟಿಗೆ ಇಳಿಯಿತು, ಇನ್ನೂ ಇಳಿಯಿತು, ಅವರ ಮೊಣಕೈ ನೆಲ ಮುಟ್ಟುವ ತನಕ ಇಳಿಯಿತು. ಹೊರಗೆಳೆದು ತುದಿಯನ್ನು ನನ್ನ ಅಂಗೈ ಮೇಲೆ ಇಟ್ಟರು. ಮೂರು ಅಡಿ ಕೆಳಗಿನಿಂದ ಬಂದ ಆ ತುದಿಗೆ ಅಂಟಿದ್ದ ಚಿಟಿಕೆ ಮಣ್ಣು ತಣ್ಣಗಿತ್ತು. ಬೆರಳಲ್ಲಿ ಹಿಚುಕಿದರೆ ಪುಡಿಯಾಗಲಿಲ್ಲ, ಮೇಣದಂತೆ ಚಪ್ಪಟೆಯಾಯಿತು.

‘ಹಸಿ ಅದ ನೋಡ್ರಿ’ ಎಂದರು.

ಈ ಸೀಮೆಯ ಬೇಸಾಯವೆಲ್ಲ ‘ಹಸಿ’ ಎಂಬ ಈ ಎರಡಕ್ಷರದ ಮೇಲೆ ನಿಂತಿದೆ. ಹಿಂಗಾರಿನ ಬಿಳಿಜೋಳಕ್ಕೆ ಇಲ್ಲಿ ಬಹಳ ಕಡೆ ಯಾರೂ ನೀರು ಹಾಯಿಸುವುದಿಲ್ಲ. ಹಸ್ತಾ, ಚಿತ್ತಾ ಮಳೆಯ ಹೊತ್ತಿಗೆ ಬಿತ್ತಿದ ಬೀಜ ಆಮೇಲೆ ಹನಿ ಬೀಳದಿದ್ದರೂ ಒಳಗಿನ ಹಸಿಯನ್ನೇ ಹೀರುತ್ತ ಸಂಕ್ರಾಂತಿ ದಾಟಿ ತೆನೆ ಬಲಿಯುತ್ತದೆ. ಒಳ್ಳೆಯ ಎರೆಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ದಕ್ಕುವಂಥ ನೀರನ್ನು 150ರಿಂದ 200 ಮಿಲಿಮೀಟರಿನಷ್ಟು ಹಿಡಿದಿಟ್ಟುಕೊಳ್ಳಬಲ್ಲದು. ಎಕರೆಯ ಲೆಕ್ಕದಲ್ಲಿ ಅದು 6ರಿಂದ 8 ಲಕ್ಷ ಲೀಟರ್. ಕೆರೆ ಕಾಣದ ಈ ಬಯಲಿನಲ್ಲಿ ಪ್ರತಿ ಹೊಲದ ಹೊಟ್ಟೆಯೊಳಗೂ ಒಂದೊಂದು ಕೆರೆ ಇದೆ ಎಂದರೆ ತಪ್ಪಿಲ್ಲ.

ಹುಡುಗ ಗನ್ನನ್ನು ಬರಿ ನೆಲಕ್ಕೆ ಹಿಡಿದ. ಕೆಂಪು ಚುಕ್ಕೆ ಹೆಂಟೆಯ ಮೇಲೆ ನಿಂತಿತು. 59 ಡಿಗ್ರಿ. ಗಾಳಿಯ ಬಿಸಿ 42. ಬೇವಿನ ಎಲೆಗೆ ಹಿಡಿದ, 39. ಮುದುಕರು ನೆರಳಲ್ಲಿ ಇಟ್ಟುಕೊಂಡಿದ್ದ ಮಣ್ಣಿನ ಗಡಿಗೆಯ ಹೊಟ್ಟೆಗೆ ಹಿಡಿದ, 27. ಮುದುಕರು ನಕ್ಕುಬಿಟ್ಟರು.

‘ತಮ್ಮಾ, ನಿನ್ನ ಮಿಷನ್ನಿಗಿ ಮ್ಯಾಲಿನ ಚರ್ಮದ ಜ್ವರ ಗೊತ್ತಾಗ್ತದ, ಹೊಟ್ಟ್ಯಾಗಿನ ತಂಪು ಗೊತ್ತಾಗಂಗಿಲ್ಲ.’

‘ಖರೇ ಕಾಕಾ, ಅದಕ್ಕೇ ನಮಗ ಪರೀಕ್ಷೆ ಕಠಿಣ’ ಎಂದ ಹುಡುಗ.

ಆದರೆ ಆ ಗಡಿಗೆಯಲ್ಲೇ ಅವನ ಪಾಠದ ಮುಕ್ಕಾಲು ಭಾಗ ಇತ್ತು. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗಿ ಹೋಗಲು ಶಾಖ ಬೇಕು. ಅದನ್ನು ಗಡಿಗೆಯಿಂದಲೇ ಕಿತ್ತುಕೊಂಡು ಹೋಗುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24.5 ಲಕ್ಷ ಜೂಲ್ ಶಕ್ತಿ ಬೇಕು. ಸಾವಿರ ವ್ಯಾಟಿನ ನೀರು ಕಾಯಿಸುವ ಕಾಯಿಲ್ಲು 40 ನಿಮಿಷ ಉರಿದರೆ ಆಗುವಷ್ಟು. ಮೇ ತಿಂಗಳ ನಡುಹಗಲು ಒಂದು ಚದರ ಮೀಟರ್ ನೆಲದ ಮೇಲೆ ಬೀಳುವ ಬಿಸಿಲೂ ಹೆಚ್ಚುಕಡಿಮೆ ಸಾವಿರ ವ್ಯಾಟೇ. ಅಂದರೆ ಈ ಹೊಲದ ಪ್ರತಿ ಚದರ ಮೀಟರಿನ ಮೇಲೂ ಈಗ ಒಂದೊಂದು ಕಾಯಿಲ್ಲು ಉರಿಯುತ್ತಿದೆ. ಕರಿ ನೆಲ ಬೇರೆ. ಬಂದ ಬಿಸಿಲಿನಲ್ಲಿ ಹತ್ತರಲ್ಲೊಂದು ಪಾಲನ್ನೋ ತುಸು ಹೆಚ್ಚನ್ನೋ ಮಾತ್ರ ಹಿಂದಕ್ಕೆ ಎಸೆದು ಮಿಕ್ಕದ್ದನ್ನು ನುಂಗುತ್ತದೆ.

ನುಂಗಿದ ಶಾಖದಲ್ಲಿ ಒಂದಷ್ಟನ್ನು ನೆಲವೇ ಆಕಾಶಕ್ಕೆ ವಾಪಸು ಸೂಸುತ್ತದೆ. ಉಳಿದದ್ದು ಎಲ್ಲಿ ಹೋಗುತ್ತದೆ? ಇಷ್ಟೇ ಪ್ರಶ್ನೆ. ಕಲಬುರಗಿ ಮಾರುಕಟ್ಟೆಯ ಅಡತ್ ಅಂಗಡಿಯಲ್ಲಿ ಕೀರ್ದಿ ಪುಸ್ತಕ ಬರೆಯುವ ಗುಮಾಸ್ತನಿಗೂ ಈ ಹುಡುಗನಿಗೂ ಕೆಲಸದಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಜಮಾ ಕಡೆ ಬಿಸಿಲು. ಖರ್ಚಿನ ಕಡೆ ಮೂರು ಬಾಬು: ನೀರನ್ನು ಆವಿ ಮಾಡಿದ್ದು, ಗಾಳಿಯನ್ನು ಕಾಯಿಸಿದ್ದು, ನೆಲದೊಳಕ್ಕೆ ಇಳಿದದ್ದು. ಎರಡೂ ಕಡೆ ಪೈಸೆ ಪೈಸೆ ತಾಳೆಯಾಗಬೇಕು. ಹೊಲದಲ್ಲಿ ಹಸಿ ಇದ್ದರೆ ಶಾಖದ ದೊಡ್ಡ ಪಾಲು ಆವಿಗೆ ಹೋಗುತ್ತದೆ, ಗಾಳಿ ಹಗುರಾಗಿರುತ್ತದೆ. ಮೇಲಿನ ಪದರ ಒಣಗಿದರೆ ಅದೇ ಶಾಖ ಗಾಳಿಯ ಮೇಲೆ ಹೊರಳುತ್ತದೆ. ಹಳ್ಳಿಯವರು ಇದನ್ನು ‘ಝಳ’ ಎನ್ನುತ್ತಾರೆ. ವಿಜ್ಞಾನದವರು ಗಾಳಿಗೆ ಹೋದ ಪಾಲನ್ನು ಆವಿಗೆ ಹೋದ ಪಾಲಿನಿಂದ ಭಾಗಿಸಿ, 1926ರಲ್ಲಿ ಅದನ್ನು ತೋರಿಸಿಕೊಟ್ಟವನ ನೆನಪಿಗೆ ಬೋವೆನ್ ಅನುಪಾತ ಎನ್ನುತ್ತಾರೆ. ನನಗೆ ಝಳವೇ ಸರಿ ಕಾಣುತ್ತದೆ. ಮುಖಕ್ಕೆ ಹೊಡೆದದ್ದು ಅದೇ.

ನೆರಳಿದ್ದ ಒಂದು ಕೋಣೆಗೆ ಹೋಗಿ ಕೂತಾಗ ಹುಡುಗ ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ದಕ್ಷಿಣ ಭಾರತ ಚೌಕ ಚೌಕವಾಗಿ ಕತ್ತರಿಸಿದ ಚಾದರದಂತೆ ಕಂಡಿತು. ಇಡೀ ಭೂಮಿಯ ಹವಾಮಾನ ಲೆಕ್ಕ ಹಾಕುವ ಮಾದರಿಗಳಲ್ಲಿ ಒಂದೊಂದು ಚೌಕದ ಬದಿ ಸಾಮಾನ್ಯವಾಗಿ 100 ಕಿಲೋಮೀಟರಿನಷ್ಟು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅಂಥ ಒಂದೇ ಚೌಕದೊಳಗೆ ಕೂತುಬಿಡಬಹುದು. ಆ ಚೌಕಕ್ಕೆ ಒಂದೇ ಬಿಸಿಲು, ಒಂದೇ ಮಳೆ. ಅದನ್ನು 50, 25 ಕಿಲೋಮೀಟರಿಗೆ ಇಳಿಸಿ ತೆಗೆಯುವ ಕೆಲಸ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಇಳಿಸಿದಷ್ಟೂ ಒಳ್ಳೆಯದು, ಆದರೆ 25 ಕಿಲೋಮೀಟರಿನ ಚೌಕದಲ್ಲೂ ಎಷ್ಟು ಊರು, ಎಷ್ಟು ಥರದ ಮಣ್ಣು!

ಈ ಲೆಕ್ಕದ ಹಳೆಯ ಕಥೆ ಚೆನ್ನಾಗಿದೆ. 1969ರಲ್ಲಿ ಸ್ಯುಕುರೊ ಮನಾಬೆ ಎಂಬ ಜಪಾನಿ ಮೂಲದ ವಿಜ್ಞಾನಿ ಅಮೆರಿಕದಲ್ಲಿ ಕೂತು ಹವಾಮಾನದ ಮಾದರಿಗೆ ನೆಲವನ್ನು ಸೇರಿಸಬೇಕಾಗಿ ಬಂದಾಗ, ಭೂಮಿಯ ಎಲ್ಲ ನೆಲಕ್ಕೂ ಒಂದೇ ಅಳತೆಯ ಬಕೆಟ್ಟು ಇಟ್ಟುಬಿಟ್ಟರು. ಆಳ 15 ಸೆಂಟಿಮೀಟರ್ ನೀರು. ಮಳೆ ಬಂದರೆ ತುಂಬುತ್ತದೆ, ತುಂಬಿ ಚೆಲ್ಲಿದ್ದು ಹೊಳೆಗೆ ಹೋಗುತ್ತದೆ, ಬಿಸಿಲಿಗೆ ಇಳಿಯುತ್ತದೆ. ಸಹರಾಕ್ಕೂ ಅದೇ ಬಕೆಟ್ಟು, ಆಗುಂಬೆಗೂ ಅದೇ. 2021ರಲ್ಲಿ ಅವರಿಗೆ ನೊಬೆಲ್ ಬಂತು. 15 ಸೆಂಟಿಮೀಟರ್ ಅಂದರೆ 150 ಮಿಲಿಮೀಟರ್. ಎಲ್ಲೋ ಕೂತು ಹಾಕಿದ ಆ ಅಂದಾಜು ಕಡಗಂಚಿಯ ಎರೆಹೊಲಕ್ಕೆ ಹೆಚ್ಚುಕಡಿಮೆ ಹೊಂದಿಬಿಟ್ಟದ್ದು ನೋಡಿ ನನಗೆ ನಗು ಬಂತು.

ಆಮೇಲಿನ ಮಾದರಿಗಳು ಜಾಣವಾದವು. ಮಣ್ಣನ್ನು ಪದರ ಪದರವಾಗಿ ಕತ್ತರಿಸಿದವು, ಎಲೆಗೆ ಉಸಿರಾಡಲು ಬಾಯಿ ಕೊಟ್ಟವು, ಬೇರು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಕೇಳಿದವು. ‘ನೋವಾ’ ಎಂಬ ಮಾದರಿಯಲ್ಲಿ ಎರಡು ಮೀಟರ್ ಮಣ್ಣು ನಾಲ್ಕು ಪದರ: 10, 30, 60, 100 ಸೆಂಟಿಮೀಟರ್. 1994ರಲ್ಲಿ ಬಂದ ‘ವಿಐಸಿ’ ಎಂಬುದರಲ್ಲಿ ಒಂದೇ ಚೌಕದೊಳಗೆ ಒಂದು ಮೂಲೆ ನೀರು ಬೇಗ ಇಂಗಿಸಿ ಇನ್ನೊಂದು ಮೂಲೆ ತಡವಾಗಿ ಇಂಗಿಸಬಹುದೆಂಬ ತಿಳಿವಳಿಕೆ ಸೇರಿತು. ಭಾರತದ ನದಿಗಳ ಲೆಕ್ಕಕ್ಕೆ ಅದನ್ನು ಬಹಳ ಬಳಸುತ್ತಾರೆ. ತಾಪಮಾನ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹೊರಬಲ್ಲದು ಎಂಬುದನ್ನು ಈ ಮಾದರಿಗಳಿಗೆ ಉಣಿಸಿದರೆ ಎರಡು ಬಗೆಯ ಉತ್ತರ ಬರುತ್ತವೆ. ಬಂದಾಗ ಮಳೆ ಜೋರಾಗಿ ಬರುತ್ತದೆ, ಬರದಾಗ ಹೊಲ ಬೇಗ ಒಣಗುತ್ತದೆ. ದೇಶದ ಸರಾಸರಿ ತಾಪಮಾನ 1901ರಿಂದ 2018ರ ಹೊತ್ತಿಗೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳಿದೆ. ಮುಂಗಾರು ಮಳೆ 1951ರಿಂದ 2015ರ ನಡುವೆ ಶೇ 6ರಷ್ಟು ತಗ್ಗಿದೆ ಎಂದೂ ಅದರಲ್ಲಿದೆ.

‘ಎಲ್ಲಾ ಅದ ಸರ್, ಒಂದು ಇಲ್ಲ’ ಎಂದ ಹುಡುಗ. ‘ಇದರಾಗಿನ ಮಣ್ಣು ಬಿರುಕು ಬಿಡಂಗಿಲ್ಲ.’

ನಾನು ಹೊರಗಿನ ಹೊಲ ನೆನೆಸಿಕೊಂಡೆ. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿದಾಗ ಒಡೆಯುತ್ತದೆ. ಒಡೆದ ಹೊಲಕ್ಕೆ ಮೊದಲ ಮಳೆ ಬಿದ್ದರೆ ನೀರು ಮೇಲಿನಿಂದ ಮೆಲ್ಲಗೆ ಇಂಗುವುದಿಲ್ಲ, ಬಿರುಕಿನ ಬಾವಿಗೆ ಧುಮುಕಿ ನೇರ ಮೂರಡಿ ಕೆಳಗೆ ಹೋಗುತ್ತದೆ. ಮೇಲಿನ ಹೆಂಟೆ ಒಣಗೇ ಇರುತ್ತದೆ. ಇನ್ನಷ್ಟು ಮಳೆ ಬಿದ್ದು ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ಹೊಲ ಡಾಂಬರು ರಸ್ತೆಯಾಗುತ್ತದೆ. ನೀರು ಒಳಗೆ ಹೋಗಲೊಲ್ಲದು, ಹರಿದು ಹಳ್ಳ ಸೇರುತ್ತದೆ. ಒಂದೇ ಹೊಲ ಜೂನ್‌ನಲ್ಲಿ ಜರಡಿ, ಸೆಪ್ಟೆಂಬರಿನಲ್ಲಿ ತಗಡು. ಸಾಮಾನ್ಯವಾಗಿ ಬಳಕೆಯಲ್ಲಿರುವ ಮಾದರಿಗಳು ಮಣ್ಣನ್ನು ಬದಲಾಗದ ರಂಧ್ರಗಳ ರಾಶಿ ಎಂದುಕೊಂಡೇ ನಡೆಯುತ್ತವೆ. ಬಿರುಕನ್ನು ಸೇರಿಸುವ ಸಮೀಕರಣಗಳು ಇವೆ, ಆದರೆ ಬಿರುಕು ಎಷ್ಟು ಅಗಲ, ಎಷ್ಟು ಆಳ, ಯಾವಾಗ ಮುಚ್ಚಿತು ಎಂದು ಯಾರಾದರೂ ಹೊಲಕ್ಕೆ ಹೋಗಿ ಅಳೆಯಬೇಕು. ತೊಗರಿ ಕಟ್ಟಿಗೆಯಲ್ಲಾದರೂ ಸರಿ.

ಅಳೆಯುವ ಕೆಲಸ ನಮ್ಮಲ್ಲಿ ನಡೆದೇ ಇಲ್ಲವೆಂದಲ್ಲ. 2016ರ ಮುಂಗಾರಿನಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ‘ಇನ್‌ಕಂಪಾಸ್’ ಎಂಬ ಅಧ್ಯಯನ ನಡೆಸಿದಾಗ, ಹೊಲದಿಂದ ಮೇಲೇಳುವ ಆವಿ ಮತ್ತು ಶಾಖವನ್ನು ಕ್ಷಣಕ್ಷಣಕ್ಕೂ ಅಳೆಯುವ ಗೋಪುರಗಳನ್ನು ನೆಟ್ಟರು. ಒಂದು ಧಾರವಾಡದಲ್ಲಿ, ಒಂದು ಗುಂಡ್ಲುಪೇಟೆ ಹತ್ತಿರದ ಬೇರಂಬಾಡಿಯಲ್ಲಿ, ಇನ್ನೊಂದು ದೂರದ ಕಾನ್ಪುರದಲ್ಲಿ. ನೆಲದ ಹಸಿ ಮುಂದಿನ ಮಳೆಯನ್ನೇ ತಿದ್ದಬಲ್ಲ ಜಾಗಗಳು ಭೂಮಿಯ ಮೇಲೆ ಕೆಲವೇ ಇವೆ, ಅವುಗಳಲ್ಲಿ ಭಾರತವೂ ಒಂದು ಎಂದು ಹನ್ನೆರಡು ಮಾದರಿಗಳನ್ನು ಹೋಲಿಸಿದ ವಿಜ್ಞಾನಿಗಳು 2004ರಲ್ಲೇ ತೋರಿಸಿದ್ದರು. ಆ ಮಾತು ನಿಜವಾದರೆ ಹೊಲದ ಹಸಿ ಬರಿ ರೈತನ ಚಿಂತೆಯಲ್ಲ, ಮೋಡದ ಚಿಂತೆಯೂ ಹೌದು. ಅಂಥ ಗೋಪುರ ಈ ತೊಗರಿ ಸೀಮೆಯ ಕರಿ ನೆಲದ ಮೇಲೂ ಹತ್ತಾರು ವರ್ಷ ಅಲುಗದೆ ನಿಲ್ಲಬೇಕೆಂಬುದು ನನ್ನ ಆಸೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕಾಗ ಸನ್ಮಾನವಾದದ್ದು ಬೇಳೆಗೆ. ಅದಕ್ಕೆ ರುಚಿ ಕೊಟ್ಟ ಮಣ್ಣಿನ ನಾಡಿ ಹಿಡಿಯುವವರು ಬೇಕು. 2022ರಲ್ಲಿ ನೆಟೆ ರೋಗ ಬಿದ್ದು ಹೂವು ಕಾಯಿ ಹಿಡಿದ ತೊಗರಿ ನಿಂತಲ್ಲೇ ಒಣಗಿದ್ದನ್ನು ಮುದುಕರು ಇನ್ನೂ ಮರೆತಿಲ್ಲ.

ಮಧ್ಯಾಹ್ನ ಮುದುಕರ ಮನೆಯ ರೊಟ್ಟಿ, ಪುಂಡಿಪಲ್ಯ ಉಂಡು ಹುಡುಗನ ಬೈಕಿನ ಹಿಂದೆ ಕೂತು ಗಾಣಗಾಪುರದ ಕಡೆಗೆ ಹೊರಟೆವು. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರೂ ಗಾಳಿ ಒಲೆಯ ಬಾಯಿಂದ ಬಂದಂತೆ. ಅಫಜಲಪುರ ತಾಲ್ಲೂಕು ಹೊಕ್ಕು ಭೀಮೆಯ ಸೀಮೆಗೆ ಇಳಿಯುತ್ತಿದ್ದ ಹಾಗೆ ರಸ್ತೆಯ ಎಡಕ್ಕೆ ಇದ್ದಕ್ಕಿದ್ದಂತೆ ಕಬ್ಬಿನ ಗದ್ದೆಗಳು. ಬೈಕು ಅದೇ ವೇಗದಲ್ಲಿದೆ, ಬಿಸಿಲೂ ಅದೇ, ಆದರೆ ಟವೆಲಿನೊಳಗೆ ಬಂದ ಗಾಳಿ ಬೇರೆ. ಹಸಿ ಮಣ್ಣು, ಕೊಳೆತ ಸೋಗೆ, ಮೋಟರಿನ ನೀರು ಕಾಲುವೆಯಲ್ಲಿ ಹರಿಯುವ ಸದ್ದು. ಹುಡುಗ ಬೈಕು ನಿಲ್ಲಿಸಿ ಕಬ್ಬಿನ ಎಲೆಗೆ ಗನ್ನು ಹಿಡಿದ. 35 ಡಿಗ್ರಿ. ಬೆಳಿಗ್ಗೆಯ ಬರಿ ಹೊಲಕ್ಕೂ ಇದಕ್ಕೂ 24 ಡಿಗ್ರಿ ಅಂತರ. ಒಂದು ಮಿಲಿಮೀಟರ್ ನೀರು ಒಂದು ಎಕರೆಯಿಂದ ಆರಿದರೆ 4000 ಲೀಟರಿನ ಮೇಲೆ, ಅಂದರೆ ಟ್ರ್ಯಾಕ್ಟರ್ ಎಳೆಯುವ ಒಂದು ಟ್ಯಾಂಕರಿನಷ್ಟು. ಇಂಥ ಬಿಸಿಲಿಗೆ ಕಬ್ಬು ದಿನಕ್ಕೆ ಅಂಥ ಐದಾರು ಟ್ಯಾಂಕರ್ ನೀರನ್ನು ಆಕಾಶಕ್ಕೆ ಕೊಟ್ಟು ತನ್ನ ಎಲೆ ತಂಪಾಗಿ ಇಟ್ಟುಕೊಳ್ಳುತ್ತದೆ. ತಂಪು ಪುಕ್ಕಟೆಯದಲ್ಲ. ಗದ್ದೆಯೊಳಗೆ ನಾಲ್ಕು ಹೆಜ್ಜೆ ಇಟ್ಟು ನೋಡಿದೆ. ಬೆವರು ಹರಿಯಿತೇ ಹೊರತು ಆರಲಿಲ್ಲ. ಗಾಂಧಿನಗರ ಐಐಟಿಯ ವಿಮಲ್ ಮಿಶ್ರಾ ಮತ್ತು ಸಂಗಡಿಗರು 2020ರಲ್ಲಿ ಹೇಳಿದ್ದು ಇದನ್ನೇ: ನೀರಾವರಿ ಗಾಳಿಯ ಬಿಸಿಯನ್ನು ಇಳಿಸುತ್ತದೆ, ಆದರೆ ಆರ್ದ್ರತೆ ಏರಿಸಿ ಮೈಗೆ ತಟ್ಟುವ ಧಗೆಯನ್ನು ಹೆಚ್ಚಿಸುತ್ತದೆ. ಕಬ್ಬು ಕಡಿಯುವ ಕೂಲಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಅಮರ್ಜಾ ಸೇರುತ್ತದೆ. ಪುಸ್ತಕದಲ್ಲಿ ಸೇರುತ್ತದೆ. ಆ ದಿನ ಅಮರ್ಜೆಯ ಪಾತ್ರದಲ್ಲಿ ಕಲ್ಲು, ಮರಳು, ಪ್ಲಾಸ್ಟಿಕ್ಕು. ಭೀಮೆಯಲ್ಲಿ ಹಸಿರು ಬಣ್ಣದ ನಿಂತ ನೀರು. ಭಕ್ತರು ಅದರಲ್ಲೇ ಮುಳುಗು ಹಾಕುತ್ತಿದ್ದರು. ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿದು ರಾಯಚೂರಿನ ಹತ್ತಿರ ಕೃಷ್ಣೆ ಸೇರುವ ಈ ಹೊಳೆ ಇಲ್ಲಿಗೆ ಬರುವ ಮೊದಲು ಉಜನಿಯಲ್ಲಿ ನಿಲ್ಲುತ್ತದೆ. 117 ಟಿಎಂಸಿ ಅಡಿ ಹಿಡಿಯುವ ಆ ಮಹಾರಾಷ್ಟ್ರದ ಅಣೆಕಟ್ಟು ನೀರು ಬಿಟ್ಟರೆ ಹೊಳೆ, ಇಲ್ಲದಿದ್ದರೆ ಮರಳು. ಅದೇ ಹೊಳೆ 2020ರ ಅಕ್ಟೋಬರಿನಲ್ಲಿ ಊರುಗಳೊಳಗೆ ಹೊಕ್ಕಿತ್ತು. ಸೊನ್ನ ಬ್ಯಾರೇಜಿನ ಗೇಟುಗಳನ್ನೆಲ್ಲ ಎತ್ತಿದ್ದರು, ಜೇವರ್ಗಿಯ ಕಟ್ಟಿಸಂಗಾವಿ ಸೇತುವೆಯ ಬಳಿ ಹೊಳೆ ಸಮುದ್ರದ ಹಾಗಿತ್ತು ಎಂದು ಹುಡುಗ ಹೇಳಿದ. ಅವನ ಅವ್ವ ಅಪ್ಪ ಆ ರಾತ್ರಿ ಜೋಳದ ಚೀಲಗಳನ್ನು ಮಾಳಿಗೆಗೆ ಹೊತ್ತಿದ್ದರಂತೆ. ಹೊಲಗಳು ಆಗಲೇ ನೀರು ಕುಡಿದು ಬಿರುಕು ಮುಚ್ಚಿಕೊಂಡಿದ್ದ ಕಾಲ ಅದು. ಬಿದ್ದ ಮಳೆ ಬಿದ್ದಷ್ಟೂ ಹರಿಯಿತು. ಮಾದರಿ ಬಿರುಕನ್ನು ಮರೆತರೆ ಜೂನಿನ ಹೊಳೆಯನ್ನು ಇದ್ದುದಕ್ಕಿಂತ ದೊಡ್ಡದು ಮಾಡಿ, ಅಕ್ಟೋಬರಿನ ಹೊಳೆಯನ್ನು ಇದ್ದುದಕ್ಕಿಂತ ಚಿಕ್ಕದು ಮಾಡಿ ತೋರಿಸೀತು ಎಂಬ ಅವನ ಭಯ ನನಗೆ ಅರ್ಥವಾದದ್ದು ಆ ದಂಡೆಯ ಮೇಲೆ.

ಗಾಣಗಾಪುರದ ಗುರು ನೃಸಿಂಹ ಸರಸ್ವತಿಗಳ ಕಥೆಗಳಲ್ಲಿ ಒಂದು ಜೋಳದ ಹೊಲದ ಕಥೆಯಿದೆ. ಗುರುಗಳ ಮಾತು ನಂಬಿ ರೈತನೊಬ್ಬ ಬಲಿಯದ ಜೋಳವನ್ನೇ ಕೊಯ್ದುಬಿಟ್ಟ, ಊರವರು ನಕ್ಕರು, ಆಮೇಲೆ ಹವೆ ಕೆಟ್ಟು ಊರವರ ಬೆಳೆ ಹಾಳಾಯಿತು, ಇವನ ಕೂಳೆ ಮಾತ್ರ ಚಿಗುರಿ ತುಂಬಿ ಬೆಳೆಯಿತು. ಹೊತ್ತಲ್ಲದ ಹೊತ್ತಿನ ಮಳೆ ಗಾಳಿಯ ಅಂಜಿಕೆ ಈ ದಂಡೆಗೆ ಹೊಸದೇನಲ್ಲ.

ರಾತ್ರಿ ಕಡಗಂಚಿಯಲ್ಲೇ ಉಳಿದೆ. ಮಾಳಿಗೆಯ ಮೇಲೆ ಚಾಪೆ ಹಾಸಿದರೆ ಶಹಾಬಾದ್ ಪರ್ಸಿಯ ಬಿಸಿ ಚಾಪೆ ದಾಟಿ ಬೆನ್ನಿಗೆ ತಾಗುತ್ತಿತ್ತು. ಹಗಲು ಇಳಿದ ಶಾಖವನ್ನು ಕಲ್ಲು ಈಗ ಮರಳಿಸುತ್ತಿದೆ, ಕೀರ್ದಿಯ ಮೂರನೆಯ ಬಾಬು. ಹನ್ನೊಂದರ ಸುಮಾರಿಗೆ ಪಡುವಣದಲ್ಲಿ ಮಿಂಚಿತು. ಧೂಳು ಎದ್ದಿತು, ಎಲ್ಲೋ ತಗಡು ಬಡಿದುಕೊಂಡಿತು, ನಾವು ಚಾಪೆ ಸುತ್ತಿ ಕೆಳಗಿಳಿಯುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. ಅಡ್ಡಮಳೆ. ಅರ್ಧ ಗಂಟೆ ಹೊಡೆದು ನಿಂತುಬಿಟ್ಟಿತು. ಕತ್ತಲಲ್ಲೇ ಬ್ಯಾಟರಿ ಹಿಡಿದು ಮುದುಕರು ಹೊಲಕ್ಕೆ ಹೊರಟರು, ನಾನೂ ಹಿಂದೆ ಹೋದೆ. ಬದುವಿನ ಮೇಲೆ ನಿಂತು ಅವರು ಬ್ಯಾಟರಿ ಆರಿಸಿದರು. ಕಪ್ಪೆಯೂ ಕೂಗುತ್ತಿರಲಿಲ್ಲ. ಆ ಮೌನದಲ್ಲಿ ಹೊಲದ ಉದ್ದಕ್ಕೂ ಸಣ್ಣ ಸಣ್ಣ ಸದ್ದು: ಗುಳ್, ಗುಳ್, ಗುಳುಕ್. ಬಿರುಕಿನ ಅಂಚಿನಿಂದ ನೀರು ಇಳಿದು ಒಳಗಿನ ಗಾಳಿ ಮೇಲೆದ್ದು ಬರುವ ಸದ್ದು.

‘ಕುಡಿಲಕತ್ತದ’ ಎಂದರು ಮುದುಕರು, ಕೂಸು ಹಾಲು ಕುಡಿಯುವಾಗ ಮೆಲ್ಲಗೆ ಹೇಳುವ ಹಾಗೆ.

ಬೆಳಿಗ್ಗೆ ಹುಡುಗ ತಾನು ಇಟ್ಟಿದ್ದ ಮಳೆ ಅಳೆಯುವ ಡಬ್ಬಿಯ ಗೆರೆ ಓದಿ ಪುಸ್ತಕದಲ್ಲಿ ಬರೆದುಕೊಂಡ: 9 ಮಿಲಿಮೀಟರ್. ಹೆಂಟೆಯ ಮೇಲೆ ಆಗಲೇ ಬಿಸಿಲು ಬಿದ್ದು ಹಬೆ ಏಳುತ್ತಿತ್ತು. ಮುದುಕರು ಅದೇ ತೊಗರಿ ಕಟ್ಟಿಗೆಯನ್ನು ಅದೇ ಬಿರುಕಿಗೆ ಇಳಿಬಿಟ್ಟರು. ಅದು ಮೊಣಕೈ ತನಕ ಇಳಿಯಿತು. ಮಿರಗ ಮಳೆ ಕೂಡಲು ಇನ್ನೂ ಹನ್ನೊಂದು ದಿನ ಇತ್ತು.